ಬಣ್ಣದ ಎಲೆಗಳೂ ಅಮ್ಮನ ಕಣ್ಣೂ

ಆಗಸ್ಟ್ ತಿಂಗಳು ಬಂತು ಅಂದರೆ ನಮ್ಮ ಕಡೆಯ ಕನ್ನಡದವರ ವಾಟ್ಸ್ಯಾಪ್ ಗ್ರೂಪಿನಲ್ಲಿ ಯಾರಾದರೂ ಒಬ್ಬರು ಈ ಪ್ರಶ್ನೆ ಹಾಕೇ ಹಾಕ್ತಾರೆ: "ಈ ಸಲ ಫಾಲ್ ಕಲರ್ಸ್ ನೋಡೋಕೆ ಎಲ್ಲಿಗೆ?" ಅಲ್ಲಿಂದ ಶುರು. ಗೌರಿ ಹಬ್ಬಕ್ಕೆ ಯಾರ ಮನೆಯಲ್ಲಿ ಸೇರೋದು ಅನ್ನೋ ಚರ್ಚೆ ಕೂಡ ಆ ಮೆಸೇಜುಗಳ ಅಡಿಯಲ್ಲಿ ಮುಚ್ಚಿಹೋಗುತ್ತದೆ.

ನಾವಿರೋದು ಅಮೆರಿಕದ ಬಾಸ್ಟನ್‌ನಿಂದ ಮುಕ್ಕಾಲು ಗಂಟೆ ದೂರದ ಒಂದು ಸಣ್ಣ ಊರಿನಲ್ಲಿ. ಈ ಮೂಲೆಯ ಆರು ರಾಜ್ಯಗಳನ್ನು ಸೇರಿಸಿ ನ್ಯೂ ಇಂಗ್ಲೆಂಡ್ ಅಂತಾರೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಇಲ್ಲಿನ ಕಾಡು ಹಸಿರು ಬಿಟ್ಟು ಹಳದಿ, ಕಿತ್ತಳೆ, ಕೆಂಪು ಆಗುತ್ತದೆ. ಅದನ್ನು ನೋಡೋಕೆ ದೇಶದ ಮೂಲೆ ಮೂಲೆಯಿಂದ ಜನ ಬರ್ತಾರೆ. ಇಲ್ಲಿಯವರು ಅವರನ್ನು 'ಲೀಫ್ ಪೀಪರ್ಸ್' ಅಂತ ಕರೀತಾರೆ. ಎಲೆಗೆ ಇಣುಕಿ ನೋಡೋರು ಅಂತ. ನಾನೂ ಅಂಥವಳೇ. ಸ್ವಲ್ಪ ಹೆಚ್ಚೇ ಅಂಥವಳು.

ಈ ಲೇಖನ ಬರೆಯೋಕೆ ಕೂತಿದ್ದು ಪ್ಲಾನ್ ಮಾಡೋದು ಹೇಗೆ ಅಂತ ಹೇಳೋಕೆ. ಅದನ್ನೂ ಹೇಳ್ತೀನಿ. ಆದರೆ ನನ್ನ ಅತ್ಯುತ್ತಮ ಪ್ಲಾನಿನಲ್ಲಿ ಬಿಟ್ಟುಹೋಗಿದ್ದ ಒಂದು ಸಂಗತಿಯನ್ನು ಹೇಳದೆ ಇದ್ದರೆ ಬರೆದೂ ಪ್ರಯೋಜನ ಇಲ್ಲ.

ಮೊದಲ ವರ್ಷದ ಪಾಠ

ನಾವು ಇಲ್ಲಿಗೆ ಬಂದ ಮೊದಲ ವರ್ಷ ಯಾವ ಪ್ಲಾನೂ ಇರಲಿಲ್ಲ. ಅಕ್ಟೋಬರಿನ ಎರಡನೇ ಸೋಮವಾರ ಇಲ್ಲಿ ರಜೆ. ಶನಿವಾರ, ಭಾನುವಾರ ಸೇರಿ ಮೂರು ದಿನ ಸಿಗುತ್ತೆ. "ನಡಿ, ಹೋಗೇ ಬಿಡೋಣ" ಅಂತ ಪುಳಿಯೋಗರೆ ಕಟ್ಟಿಕೊಂಡು, ಆಗಿನ್ನೂ ಎರಡು ವರ್ಷದ ಮಗನನ್ನು ಕೂರಿಸಿಕೊಂಡು ನ್ಯೂ ಹ್ಯಾಂಪ್‌ಷೈರಿನ ವೈಟ್ ಮೌಂಟನ್ಸ್ ಕಡೆ ಹೊರಟೆವು.

ಅಲ್ಲಿ ಕ್ಯಾಂಕಮಾಗಸ್ ಹೈವೇ ಅಂತ ಒಂದು ರಸ್ತೆ ಇದೆ. ಲಿಂಕನ್ ಮತ್ತು ಕಾನ್ವೇ ಅನ್ನೋ ಎರಡು ಊರುಗಳ ನಡುವೆ ಸುಮಾರು 55 ಕಿಲೋಮೀಟರ್, ಪೂರ್ತಿ ಕಾಡೊಳಗೆ. ಏರಿ ಏರಿ 2,855 ಅಡಿ ಎತ್ತರದ ಕಣಿವೆದಾರಿ ದಾಟಿ ಇಳಿಯುತ್ತದೆ. ನಮ್ಮ ಆಗುಂಬೆ ಘಾಟಿಯಷ್ಟು ಹೇರ್‌ಪಿನ್ ತಿರುವುಗಳಿಲ್ಲ. ಆದರೆ ದಾರಿಯುದ್ದಕ್ಕೂ ಒಂದು ಪೆಟ್ರೋಲ್ ಬಂಕ್ ಇಲ್ಲ, ಒಂದು ಹೋಟೆಲ್ ಇಲ್ಲ, ಮೊಬೈಲ್ ಸಿಗ್ನಲ್ಲೂ ಹೆಚ್ಚಿನ ಕಡೆ ಇಲ್ಲ. ಇದೊಂದೂ ನಮಗೆ ಗೊತ್ತಿರಲಿಲ್ಲ. ಆ ಮೂರು ದಿನಗಳೇ ಇಡೀ ಸೀಸನ್ನಿನಲ್ಲಿ ಅತಿ ಹೆಚ್ಚು ಜನಜಂಗುಳಿಯ ದಿನಗಳು ಅನ್ನೋದೂ ಗೊತ್ತಿರಲಿಲ್ಲ.

ಆಮೇಲೆ ಕೇಳಬೇಡಿ. ಕಾರಿನ ಹಿಂದೆ ಕಾರು. ನಿಲ್ಲಿಸೋಕೆ ಜಾಗ ಇಲ್ಲ. ಮಗ ವಾಂತಿ ಮಾಡಿಕೊಂಡ. ಪೆಟ್ರೋಲ್ ಮುಳ್ಳು ಕೆಳಗಿಳಿದಷ್ಟೂ ನನ್ನ ಗಂಡನ ಮುಖ ಬಿಗಿಯಾಗುತ್ತಾ ಹೋಯಿತು. ಆ ಸಲ ನಾವು ಕೆಂಪು ಎಲೆಗಿಂತ ಹೆಚ್ಚಾಗಿ ನೋಡಿದ್ದು ಮುಂದಿನ ಕಾರುಗಳ ಕೆಂಪು ದೀಪಗಳನ್ನು. ರಾತ್ರಿ ರೂಮ್ ಎಲ್ಲೂ ಸಿಗದೆ ಹನ್ನೆರಡು ಗಂಟೆಗೆ ಮನೆ ಸೇರಿದೆವು.

ಎಲೆಯ ಲೆಕ್ಕಾಚಾರ

ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದವಳು. ಎಲ್ಲಿ ಏನು ಕೈಕೊಡಬಹುದು ಅಂತ ಮೊದಲೇ ಪಟ್ಟಿ ಮಾಡೋದೇ ನನ್ನ ಹೊಟ್ಟೆಪಾಡು. ಮುಂದಿನ ವರ್ಷದಿಂದ ಒಂದು ಎಕ್ಸೆಲ್ ಶೀಟ್ ಶುರು ಮಾಡಿದೆ.

ಎಲೆ ಬಣ್ಣ ತಿರುಗೋದು ಯಾಕೆ ಅಂತ ಮೊದಲು ಓದಿದೆ. ಹಗಲು ಚಿಕ್ಕದಾಗಿ ರಾತ್ರಿ ಉದ್ದವಾಗುತ್ತಾ ಬಂದಂತೆ ಮರ ಎಲೆಯೊಳಗಿನ ಹಸಿರನ್ನು, ಅಂದರೆ ಕ್ಲೋರೋಫಿಲ್ಲನ್ನು ತಯಾರಿಸೋದು ಕಡಿಮೆ ಮಾಡುತ್ತದೆ. ಇದ್ದ ಹಸಿರು ಕರಗುತ್ತದೆ. ಹಳದಿ ಮತ್ತು ಕಿತ್ತಳೆ ಬಣ್ಣ ಹೊಸದಾಗಿ ಬರೋದಲ್ಲ, ಅದು ಮೊದಲಿಂದಲೂ ಎಲೆಯಲ್ಲೇ ಹಸಿರಿನ ಅಡಿಯಲ್ಲಿ ಅಡಗಿರುತ್ತದೆ. ಹಸಿರು ಸರಿದ ಮೇಲೆ ಕಾಣುತ್ತದೆ, ಅಷ್ಟೆ. ಕೆಂಪು ಹಾಗಲ್ಲ. ಎಲೆಯಲ್ಲಿ ಉಳಿದ ಸಕ್ಕರೆಯಿಂದ ಆ ಕೊನೆಯ ದಿನಗಳಲ್ಲೇ ಹೊಸದಾಗಿ ತಯಾರಾಗುವ ಬಣ್ಣ ಅದು. ಅದರ ಹೆಸರು ಆಂಥೋಸಯನಿನ್. ಹಗಲು ಒಳ್ಳೆ ಬಿಸಿಲು, ರಾತ್ರಿ ಚಳಿ, ಆದರೆ ಹಿಮ ಕಟ್ಟುವಷ್ಟಲ್ಲ. ಇಂಥ ದಿನಗಳು ಸಾಲಾಗಿ ಸಿಕ್ಕಿದರೆ ಕೆಂಪು ಚೆನ್ನಾಗಿ ಏರುತ್ತದೆ. ಬೇಸಿಗೆಯಲ್ಲಿ ಮಳೆ ತೀರಾ ಕಡಿಮೆಯಾದರೆ ಎಲೆ ಬೇಗ ಬಾಡಿ ಉದುರುತ್ತದೆ. ಒಂದು ರಾತ್ರಿ ಗಾಳಿ ಮಳೆ ಬಂದರೂ ಸಾಕು, ಮರ ಖಾಲಿ.

ಮರದಿಂದ ಮರಕ್ಕೂ ವ್ಯತ್ಯಾಸ ಇದೆ. ತಗ್ಗು ಜಾಗದಲ್ಲಿರುವ ಕೆಂಪು ಮೇಪಲ್ ಮೊದಲು ತಿರುಗುತ್ತದೆ. ಮೇಪಲ್ ಸಿರಪ್ ಕೊಡುವ ಶುಗರ್ ಮೇಪಲ್ ಕಿತ್ತಳೆಯಿಂದ ಕೆಂಪಿನವರೆಗೆ ಹೋಗುತ್ತದೆ. ಬರ್ಚ್ ಹಳದಿ. ಓಕ್ ಎಲ್ಲರಿಗಿಂತ ನಿಧಾನ, ಅದರದ್ದು ಇಟ್ಟಿಗೆ ಬಣ್ಣ. ಉತ್ತರದ ತುದಿಯಲ್ಲಿ, ಬೆಟ್ಟದ ಮೇಲೆ ಸೆಪ್ಟೆಂಬರ್ ಕೊನೆಗೇ ಬಣ್ಣ ಬರುತ್ತದೆ. ವೈಟ್ ಮೌಂಟನ್ಸ್‌ನಲ್ಲಿ ಸಾಮಾನ್ಯವಾಗಿ ಅಕ್ಟೋಬರಿನ ಮೊದಲೆರಡು ವಾರ. ನಮ್ಮ ಬಾಸ್ಟನ್ ಸುತ್ತಮುತ್ತ ಅಕ್ಟೋಬರ್ ಕೊನೆಯ ಹೊತ್ತಿಗೆ. ಅಂದರೆ ಬಣ್ಣ ಉತ್ತರದಿಂದ ದಕ್ಷಿಣಕ್ಕೆ, ಬೆಟ್ಟದಿಂದ ಬಯಲಿಗೆ ಇಳಿದು ಬರುತ್ತದೆ. ಬೆಟ್ಟಕ್ಕೆ ಹೋಗೋಕೆ ಆಗದವರು ಸುಮ್ಮನೆ ಎರಡು ವಾರ ಕಾದರೆ ಅದೇ ಮನೆ ಬಾಗಿಲಿಗೆ ಬರುತ್ತದೆ. ಆದರೆ ಯಾರು ಕಾಯ್ತಾರೆ ಹೇಳಿ.

ಇಷ್ಟೆಲ್ಲ ಓದಿದ ಮೇಲೆ ಎರಡು ವರ್ಷ ನಮ್ಮ ಪ್ರವಾಸಗಳು ಚೆನ್ನಾಗೇ ಆದವು. ಮೂರನೇ ವರ್ಷ ಅಮ್ಮ ಬರೋದು ಅಂತಾಯಿತು.

ಅಮ್ಮ ಬಂದಳು

ಅಮ್ಮ ತೀರ್ಥಹಳ್ಳಿ ಹತ್ತಿರದ ಹಳ್ಳಿಯವಳು. ಎರಡು ಎಕರೆ ಅಡಿಕೆ ತೋಟ, ಒಂದಿಷ್ಟು ಗದ್ದೆ, ಕೊಟ್ಟಿಗೆಯಲ್ಲಿ ಎರಡು ದನ. ಅಪ್ಪ, "ದನ ಬಿಟ್ಟು ನಾನು ಬರೋ ಮಾತೇ ಇಲ್ಲ, ನೀನು ಹೋಗಿ ಬಾ" ಅಂತ ಅಮ್ಮನನ್ನು ಒಬ್ಬಳನ್ನೇ ಕಳಿಸಿದರು. ಫೆಬ್ರುವರಿಯಲ್ಲಿ ಟಿಕೆಟ್ ಮಾಡಿಸಿದೆ. ಜೂನ್‌ನಲ್ಲಿ ಬಂದು ಅಕ್ಟೋಬರ್ ಕೊನೆಗೆ, ದೀಪಾವಳಿಯ ಹೊತ್ತಿಗೆ ವಾಪಸ್. ಎಲೆಯ ಬಣ್ಣ ನೋಡಿಸಿಯೇ ಕಳಿಸಬೇಕು ಅಂತ ಆ ತಾರೀಕು ಹುಡುಕಿದ್ದೇ ನಾನು. ಆಮೇಲೆ ಪ್ರತಿ ವಾರ ಫೋನಿನಲ್ಲಿ ಅದೇ ಮಾತು. "ಅಮ್ಮ, ನೀನು ಈ ಎಲೆ ನೋಡ್ಬೇಕು ಕಣಮ್ಮ, ಜನ್ಮದಲ್ಲಿ ಮರೆಯಲ್ಲ."

ಜುಲೈನಲ್ಲೇ ಲಿಂಕನ್ನಿನಲ್ಲಿ ರೂಮ್ ಬುಕ್ ಮಾಡಿದೆ. ರಜೆಯ ವಾರಾಂತ್ಯ ಬಿಟ್ಟು ಅದರ ಹಿಂದಿನ ವಾರದ ಗುರುವಾರ, ಶುಕ್ರವಾರ ಇಬ್ಬರೂ ರಜೆ ಹಾಕಿದೆವು. ಶೀಟಿನಲ್ಲಿ ಎಲ್ಲ ಇತ್ತು. ಯಾವ ತಿರುವಿನಲ್ಲಿ ಬೆಳಿಗ್ಗೆ ಬೆಳಕು ಚೆನ್ನಾಗಿರುತ್ತೆ, ಎಲ್ಲಿ ಶೌಚಾಲಯ ಇದೆ, ಎಲ್ಲಿ ಮೆಟ್ಟಿಲು ಕಡಿಮೆ, ಅಮ್ಮನ ಬಿ.ಪಿ. ಮಾತ್ರೆ, ಅಮ್ಮನಿಗೆ ಉಣ್ಣೆ ಸಾಕ್ಸ್, ಅಮ್ಮನಿಗೆ ಮೊಸರನ್ನ.

ಈಗ ನೆನೆಸಿಕೊಂಡರೆ ಆ ನಾಲ್ಕು ತಿಂಗಳಲ್ಲಿ ನನಗೆ ಗೊತ್ತಾಗಬೇಕಿತ್ತು. ಅಮ್ಮ ಮಧ್ಯಾಹ್ನವೂ ಅಡುಗೆಮನೆಯ ಲೈಟ್ ಹಾಕ್ತಿದ್ದಳು. ಬೇಳೆ ಆರಿಸೋಕೆ ಕಿಟಕಿ ಪಕ್ಕಕ್ಕೆ ಹೋಗ್ತಿದ್ದಳು. ಮೊಮ್ಮಗನ ನೀಲಿ ಪ್ಯಾಂಟಿಗೆ ಕಪ್ಪು ದಾರದಲ್ಲಿ ಹೊಲಿಗೆ ಹಾಕಿದ್ದಳು. ರಾತ್ರಿ ಕಾರಿನಲ್ಲಿ ಎದುರಿನ ಗಾಡಿಗಳ ದೀಪ ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. "ನಿಮ್ಮನೆ ಬಲ್ಬೆಲ್ಲ ಎಂತದು ಮಾರಾಯ್ತಿ, ಮಂಕು ಮಂಕು" ಅಂತ ಒಂದು ದಿನ ಹೇಳಿದಳು. ನಾನು ಏನು ಮಾಡಿದೆ ಗೊತ್ತಾ? ಮನೆಯ ಬಲ್ಬನ್ನೆಲ್ಲ ಬದಲಾಯಿಸಿದೆ. ಹೆಚ್ಚು ಬೆಳಕಿನದ್ದು ತಂದು ಹಾಕಿದೆ. ದೀಪದ ಬುಡ ಕತ್ತಲೆ ಅಂತಾರಲ್ಲ, ನಮ್ಮನೆಯಲ್ಲಿ ನಿಜಕ್ಕೂ ಹಾಗೇ ಆಗಿತ್ತು.

"ಗುಡ್ಡ ದೊಡ್ಡದಿದೆ"

ಗುರುವಾರ ಬೆಳಿಗ್ಗೆ ಐದೂವರೆಗೆ ಹೊರಟೆವು. ಶೀಟಿನಲ್ಲಿದ್ದ ಎಲ್ಲವೂ ಶೀಟಿನಲ್ಲಿದ್ದ ಹಾಗೇ ನಡೆಯಿತು. ಆಕಾಶ ಸ್ವಚ್ಛ. ಹಿಂದಿನ ವಾರವೆಲ್ಲ ರಾತ್ರಿ ಚಳಿ ಬಿದ್ದಿತ್ತು. ಟ್ಯಾಂಕ್ ಫುಲ್ ಮಾಡಿಸಿ ಲಿಂಕನ್ ದಾಟಿ ಕಾಡೊಳಗೆ ಹೊಕ್ಕಾಗ ನನ್ನ ಗಂಡ ತಾನಾಗೇ ಕಾರು ನಿಧಾನ ಮಾಡಿದರು. ಎರಡೂ ಬದಿ ಬೆಂಕಿ ಹತ್ತಿದ ಹಾಗಿತ್ತು. ನಾನು ಐದು ವರ್ಷದಲ್ಲಿ ಅಷ್ಟು ಒಳ್ಳೆ ಬಣ್ಣ ನೋಡಿರಲಿಲ್ಲ.

ಎತ್ತರದ ಒಂದು ತಿರುವಿನಲ್ಲಿ ಇಳಿದೆವು. ಕೆಳಗೆ ಕಣಿವೆ ಪೂರ್ತಿ ಕೆಂಪು ಹಳದಿ, ನಡುನಡುವೆ ಸೂಚಿಪರ್ಣಿ ಮರಗಳ ಕಡು ಹಸಿರು. ಪಕ್ಕದಲ್ಲಿ ನಿಂತಿದ್ದ ಅಪರಿಚಿತರು ಕೂಡ ಉದ್ಗಾರ ತೆಗೆಯುತ್ತಿದ್ದರು. ನಾನು ಅಮ್ಮನ ಕಡೆ ತಿರುಗಿದೆ. ಈ ಒಂದು ಗಳಿಗೆಗೆ ಎಂಟು ತಿಂಗಳಿಂದ ಕಾದಿದ್ದೆ.

"ಹೇಗಿದೆ ಅಮ್ಮ?"

ಅಮ್ಮ ಹಣೆಗೆ ಕೈ ಅಡ್ಡ ಇಟ್ಟು ನೋಡಿದಳು. "ಚೆನ್ನಾಗಿದೆ ಕಣೆ. ಗುಡ್ಡ ದೊಡ್ಡದಿದೆ."

ಅಷ್ಟೇ.

ನಾಚಿಕೆ ಬಿಟ್ಟು ಹೇಳ್ತೀನಿ, ನನಗೆ ಸಿಟ್ಟು ಬಂತು. ಇಷ್ಟು ದುಡ್ಡು, ಇಷ್ಟು ಒದ್ದಾಟ, ಇವಳಿಗೆ ಒಂದು ಮಾತು ಹೊಗಳೋಕೂ ಆಗಲ್ವಾ ಅನ್ನಿಸಿತು. ಮುಂದಿನ ತಿರುವಿನಲ್ಲಿ ಇಳೀತೀಯಾ ಅಂದಾಗ "ನೀವು ಹೋಗಿ ಬನ್ನಿ, ನಾನು ಇಲ್ಲೇ ಕೂತಿರ್ತೀನಿ" ಅಂದಳು. "ಕಾರಲ್ಲಿ ಕೂರೋಕೆ ಇಷ್ಟು ದೂರ ಬರಬೇಕಿತ್ತಾ ಅಮ್ಮ?" ಅಂತ ಅಂದೇಬಿಟ್ಟೆ. ನನ್ನ ಗಂಡ ಕಣ್ಣಲ್ಲೇ ಸುಮ್ಮನಿರು ಅಂದರು. ಅಮ್ಮ ಏನೂ ಹೇಳದೆ ಇಳಿದು, ಹೇಳಿದ ಕಡೆ ನಿಂತು, ಫೋಟೋಗೆ ನಕ್ಕಳು.

ರಾಕಿ ಗಾರ್ಜ್ ಅನ್ನೋ ಕಡೆ ಸ್ವಿಫ್ಟ್ ನದಿ ಬಂಡೆಗಳ ಇಕ್ಕಟ್ಟಿನಲ್ಲಿ ನುಗ್ಗಿ ಹರಿಯುತ್ತದೆ. ಹತ್ತಿರದ ಕಾಲುದಾರಿಯಲ್ಲಿ ಎಲೆ ದಪ್ಪಗೆ ಬಿದ್ದಿತ್ತು. ಅಲ್ಲಿ ಮಾತ್ರ ಅಮ್ಮನ ಚಹರೆಯೇ ಬದಲಾಯಿತು. ಚಪ್ಪಲಿ ಕಾಲಲ್ಲಿ ಎಲೆ ಸರಿಸಿದಳು. ಬಗ್ಗಿ ಒಂದು ಮುಷ್ಟಿ ಎತ್ತಿದಳು, ಹಿಂಡಿದಳು, ಮೂಸಿದಳು.

"ಅಬ್ಬಾ, ಎಷ್ಟು ದರಗು! ಮೇಲಿಂದು ಒಣಗಿದೆ, ಅಡೀದು ಇನ್ನೂ ಹಸಿ. ಇನ್ನೆರಡು ಬಿಸಿಲು ಬೇಕು."

ಮಲೆನಾಡಿನವರಿಗೆ ದರಗು ಅಂದರೆ ಏನು ಅಂತ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಕಾಡಿನಲ್ಲಿ ಉದುರಿದ ಎಲೆಯನ್ನು ಗುಡಿಸಿ, ಹೆಡಿಗೆಯಲ್ಲಿ ತುಂಬಿ, ತಲೆ ಮೇಲೆ ಹೊತ್ತು ತಂದು ಕೊಟ್ಟಿಗೆಗೆ ಹಾಸೋದು. ಅದೇ ಸಗಣಿ ಜೊತೆ ಸೇರಿ ಗೊಬ್ಬರವಾಗಿ ತೋಟಕ್ಕೆ ಹೋಗೋದು. ಅಮ್ಮ ಹತ್ತು ವರ್ಷದ ಹುಡುಗಿಯಾಗಿದ್ದಾಗಿಂದ ಮಾಡಿದ ಕೆಲಸ. ನಾನು ಅವಳಿಗೆ ತೋರಿಸಬೇಕು ಅಂತ ಅಷ್ಟು ದೂರದಿಂದ ಕರೆಸಿದ್ದು ಉದುರುವ ಎಲೆಯನ್ನು. ಅದರ ಬಗ್ಗೆ ನನಗಿಂತ ಅವಳಿಗೇ ಹೆಚ್ಚು ಗೊತ್ತಿತ್ತು.

"ಇವ್ರು ಇದನ್ನ ಗುಡ್ಸಿ ಎಂತ ಮಾಡ್ತಾರೆ?"

ಕಾಡಿನದ್ದನ್ನು ಯಾರೂ ಗುಡಿಸಲ್ಲ, ನಮ್ಮೂರಲ್ಲಿ ಅಂಗಳದ್ದನ್ನು ದೊಡ್ಡ ಕಾಗದದ ಚೀಲಕ್ಕೆ ತುಂಬಿ ರಸ್ತೆ ಬದಿ ಇಡ್ತಾರೆ, ಲಾರಿ ಬಂದು ಗೊಬ್ಬರ ಮಾಡೋಕೆ ಒಯ್ಯುತ್ತೆ ಅಂದೆ. "ಕೊಟ್ಟಿಗೆ ಇಲ್ಲದಿದ್ರೆ ಹಾಗೇ ಆಗೋದು" ಅಂದಳು.

ಮಧ್ಯಾಹ್ನ ಉಳಿದುಕೊಂಡಿದ್ದ ಜಾಗದ ಹಿಂದೆ ಸುಮ್ಮನೆ ನಡೆಯುತ್ತಿದ್ದಾಗ ಕಾಡಿನ ನಡುವೆ ಒಂದು ಮೋಟು ಕಲ್ಲಿನ ಗೋಡೆ ಸಿಕ್ಕಿತು. ಅಮ್ಮ ಅದರ ಮೇಲೆ ಕೈಯಾಡಿಸಿ, "ಇದು ಕಾಡಲ್ಲ. ಯಾರೋ ಬೇಸಾಯ ಮಾಡ್ತಿದ್ದ ಜಾಗ" ಅಂದಳು. ರಾತ್ರಿ ಓದಿ ನೋಡಿದರೆ ಅವಳ ಮಾತು ನಿಜ. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿನ ಕಾಡನ್ನು ಕಡಿದು ಹೊಲ, ಕುರಿ ಮೇಯಿಸುವ ಬಯಲು ಮಾಡಿದ್ದರು. ಆಮೇಲೆ ಜನ ಪಶ್ಚಿಮದ ಒಳ್ಳೆಯ ಮಣ್ಣಿಗೂ ಪೇಟೆಯ ಕಾರ್ಖಾನೆಗಳಿಗೂ ಹೊರಟುಹೋದರು. ಬಿಟ್ಟ ಹೊಲಗಳಲ್ಲಿ ಕಾಡು ಮತ್ತೆ ಬೆಳೆಯಿತು. ಹೊಲದ ಬೇಲಿಯಾಗಿದ್ದ ಕಲ್ಲಿನ ಗೋಡೆಗಳು ಮಾತ್ರ ಹಾಗೇ ಉಳಿದವು. ನಾವು ದುಡ್ಡು ಕೊಟ್ಟು ನೋಡೋಕೆ ಹೋಗುವ ಎಷ್ಟೋ ಬಣ್ಣದ ಕಾಡು ಯಾರೋ ಬಿಟ್ಟುಹೋದ ಜಮೀನು. ನಾಲ್ಕು ಸಲ ಬಂದಿದ್ದರೂ ನನಗದು ಗೊತ್ತಾಗಿರಲಿಲ್ಲ.

ಮೂರು ಪೇಪರ್ ತಟ್ಟೆ

ಸಂಜೆ ವರಾಂಡದಲ್ಲಿ ಮಗ ತಾನು ಆರಿಸಿ ತಂದ ಎಲೆಗಳನ್ನೆಲ್ಲ ಸುರಿದುಕೊಂಡು ಕೂತ. ಮೂರು ಪೇಪರ್ ತಟ್ಟೆ ಇಟ್ಟ. ಕೆಂಪಿಗೊಂದು, ಹಳದಿಗೊಂದು, ಕಂದಿಗೊಂದು. "ಅಜ್ಜಿ, ನೀನೂ ಆರಿಸು" ಅಂದ. ನಾನು ಒಳಗೆ ಚಹಾ ಮಾಡ್ತಿದ್ದೆ. ಅವನು ಕೂಗಾಡೋದು ಕೇಳಿಸಿತು. "ಅಲ್ಲಾ ಅಜ್ಜಿ! ಇದು ಕೆಂಪು! ಯಾಕೆ ಎಲ್ಲಾ ಬ್ರೌನ್‌ಗೆ ಹಾಕ್ತಿದೀಯ?"

ಅಮ್ಮ ತಮಾಷೆ ಮಾಡ್ತಿದಾಳೆ ಅಂದುಕೊಂಡೆ. ಹೊರಗೆ ಬಂದು ನೋಡಿದರೆ ಕಂದು ತಟ್ಟೆಯಲ್ಲಿ ರಕ್ತಗೆಂಪು ಮೇಪಲ್ ಎಲೆಗಳ ರಾಶಿ. ಅಮ್ಮ ಇನ್ನೊಂದು ಎಲೆ ಹಿಡಿದು ಕಣ್ಣಿನ ಹತ್ತಿರ ತಂದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

"ಅಮ್ಮ, ಅದು ಯಾವ ಬಣ್ಣ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಕಾಫಿ ಪುಡಿ ಬಣ್ಣ ಕಾಣ್ತದೆ. ಅಲ್ವನೆ?"

ನನ್ನ ಕೈಯಲ್ಲಿದ್ದ ಚಹಾ ಲೋಟ ಹಾಗೇ ಕೆಳಗಿಟ್ಟೆ.

ಊರಿಗೆ ಫೋನ್ ಮಾಡಿದೆ. ಅಲ್ಲಿ ಆಗ ಬೆಳಗಿನ ಜಾವ, ಅಪ್ಪ ಹಾಲು ಕರೆಯೋಕೆ ಎದ್ದಿದ್ದರು. "ಪೊರೆ ಬಂದಿದೆ ಅಂತ ಮಾರ್ಚಲ್ಲೇ ಡಾಕ್ಟ್ರು ಹೇಳಿದ್ರಲ್ಲ. ಎರಡೂ ಕಣ್ಣಿಗೆ. ಆಪರೇಷನ್ ಮಾಡಿಸಿ ಅಂದಿದ್ರು. ನಿಂಗೆ ಹೇಳಿಲ್ವಾ ಅವ್ಳು?" ಅಂದರು.

ಮಗ ಮಲಗಿದ ಮೇಲೆ ಅಮ್ಮನ ಪಕ್ಕ ಹೋಗಿ ಕೂತೆ. ಯಾಕಮ್ಮ ಹೇಳಲಿಲ್ಲ ಅಂತ ಕೇಳೋಕೂ ಗಂಟಲು ಕಟ್ಟಿತ್ತು.

"ಆಪರೇಷನ್ ಮಾಡಿಸಿದ್ರೆ ಬಗ್ಗಬಾರದು, ಭಾರ ಎತ್ತಬಾರದು, ತಲೆಗೆ ನೀರು ಹಾಕಬಾರದು ಅಂತಾರೆ. ಒಂದಾದ ಮೇಲೆ ಇನ್ನೊಂದು ಕಣ್ಣು. ನೀನು ಟಿಕೆಟ್ ಮಾಡ್ಸಿ ಆಗಿತ್ತು. ಫೋನ್ ಮಾಡಿದಾಗೆಲ್ಲ ಎಲೆ, ಎಲೆ, ಎಲೆ ಅಂತಿದ್ದೆ. ಇದನ್ನ ಹೇಳಿ ನಿನ್ನ ಖುಷಿ ಎಂತಕ್ಕೆ ಹಾಳು ಮಾಡೋದು ಅಂತ." ಆಮೇಲೆ ತಾನೇ ಸಮಾಧಾನ ಮಾಡೋ ಹಾಗೆ, "ಪೂರ್ತಿ ಕಾಣೋದಿಲ್ಲ ಅಂತ ಅಲ್ಲ. ಮಂಜು ಬಿದ್ದ ಹಾಗೆ ಕಾಣ್ತದೆ. ಬಿಸಿಲಿಗೆ ಸ್ವಲ್ಪ ಚುಚ್ತದೆ. ಚೆನ್ನಾಗೇ ಇತ್ತು ಕಣೆ" ಅಂದಳು.

"ಕಾರಲ್ಲಿ ಕೂರೋಕೆ ಇಷ್ಟು ದೂರ ಬರಬೇಕಿತ್ತಾ" ಅಂದಿದ್ದೆನಲ್ಲ, ಆ ಮಾತು ರಾತ್ರಿಯಿಡೀ ಕಿವಿಯಲ್ಲಿತ್ತು.

ಒಂದೇ ಒಂದು ಎಲೆ

ಶುಕ್ರವಾರದ ಶೀಟಿನಲ್ಲಿ ಆರು ಜಾಗ ಇದ್ದವು. ಒಂದನ್ನೂ ಮಾಡಲಿಲ್ಲ. ನಡೆಯೋಕೆ ಸಲೀಸಾದ ಒಂದು ಕಾಡುದಾರಿಗೆ ಹೋಗಿ ನಿಧಾನವಾಗಿ ನಡೆದೆವು. ಮಗ ಅಜ್ಜಿಯ ಕೈ ಹಿಡಿದು, "ಈಗ ರೈಟಲ್ಲಿ ಒಂದು ಆರೆಂಜ್ ಮರ. ಈಗ ಲೆಫ್ಟಲ್ಲಿ ಫುಲ್ ಹಳದಿ" ಅಂತ ಕಾಮೆಂಟರಿ ಕೊಡುತ್ತಾ ಹೋದ. ಅಮ್ಮ ಮರದ ತೊಗಟೆ ಮುಟ್ಟಿ ನೋಡಿದಳು. ಬರ್ಚ್ ಮರದ ಸಿಪ್ಪೆ ಕಾಗದದ ಹಾಗೆ ಸುಲಿದು ಬರೋದು ಅವಳಿಗೆ ಬಹಳ ಹಿಡಿಸಿತು. ಬಿದ್ದ ಎಲೆಯ ವಾಸನೆಗೆ "ಇದು ನಮ್ಮ ಕಡೆಯದ್ದಲ್ಲ, ಸ್ವಲ್ಪ ಸಿಹಿ ಇದೆ" ಅಂದಳು.

ಒಂದು ಕಡೆ ಬಿಸಿಲು ನೇರ ಬೀಳುತ್ತಿತ್ತು. ಅಮ್ಮನನ್ನು ಬಿಸಿಲಿಗೆ ಬೆನ್ನು ಮಾಡಿ ನಿಲ್ಲಿಸಿದೆ. ಒಂದು ಮೇಪಲ್ ಎಲೆ ಕಿತ್ತು, ಬಿಸಿಲು ಅದರ ಮೇಲೇ ಬೀಳುವ ಹಾಗೆ ಅವಳ ಮುಖದ ಹತ್ತಿರ ಹಿಡಿದೆ. ಅಮ್ಮ ನನ್ನ ಮಣಿಕಟ್ಟು ಹಿಡಿದು ಎಲೆಯನ್ನು ಸ್ವಲ್ಪ ಆಚೆ, ಸ್ವಲ್ಪ ಈಚೆ ಸರಿಸಿದಳು.

"ಹಾಂ. ಇದು ಕೆಂಪು."

ಇಡೀ ಕಣಿವೆ ತೋರಿಸೋಕೆ ಹೊರಟವಳು ಕೊನೆಗೆ ತೋರಿಸಿದ್ದು ಒಂದು ಎಲೆ. ಅದನ್ನು ಅವಳು ತನ್ನ ಪಂಚಾಂಗದ ಹಾಳೆಗಳ ನಡುವೆ ಇಟ್ಟುಕೊಂಡು ಊರಿಗೆ ಒಯ್ದಳು.

ಡಿಸೆಂಬರಿನಲ್ಲಿ ಶಿವಮೊಗ್ಗದಲ್ಲಿ ಒಂದು ಕಣ್ಣಿನ ಆಪರೇಷನ್ ಆಯಿತು, ಜನವರಿಯಲ್ಲಿ ಇನ್ನೊಂದು. ನಾನು ಹೋಗೋಕೆ ಆಗಲಿಲ್ಲ. ಚಿಕ್ಕಮ್ಮ ಜೊತೆಗಿದ್ದರು. ಮೊದಲನೇ ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ವಿಡಿಯೋ ಕಾಲ್ ಮಾಡಿದಳು. ಎಲೆಯ ಮಾತು ಬರುತ್ತೆ ಅಂತ ಕಾದೆ. ಫೋನನ್ನು ಮುಖಕ್ಕೆ ಹತ್ತಿರ ಹಿಡಿದು, "ಅಯ್ಯೋ, ನಿಂಗೆ ಕೂದಲು ಇಷ್ಟು ಬೆಳ್ಳಗಾಗಿದೆಯೇನೇ! ಹೇಳ್ಲೇ ಇಲ್ಲ" ಅಂದಳು.

ಇಬ್ಬರೂ ಒಂದೊಂದು ವಿಷಯ ಮುಚ್ಚಿಟ್ಟಿದ್ದೆವು ಅಂತಾಯಿತು.

ಆಮೇಲೆ ಪಂಚಾಂಗ ತೆಗೆದು ಆ ಎಲೆ ನೋಡಿದಳಂತೆ. ಅಷ್ಟರಲ್ಲಿ ಅದು ಒಣಗಿ ಬಣ್ಣ ಹೋಗಿತ್ತು. "ಈಗ ಸರಿಯಾಗಿ ಕಾಣ್ತದೆ ನೋಡು, ಇದು ನಿಜವಾಗ್ಲೂ ಕಾಫಿ ಪುಡಿ ಬಣ್ಣವೇ" ಅಂತ ನಕ್ಕಳು. ಕ್ಯಾಂಕಮಾಗಸ್‌ನ ಫೋಟೋಗಳನ್ನು ಮತ್ತೆ ಕಳಿಸಿದೆ. ಒಂದು ಗಂಟೆ ಬಿಟ್ಟು ಉತ್ತರ ಬಂತು, ವಾಯ್ಸ್ ಮೆಸೇಜು. "ಹೀಗಿತ್ತಾ ಅದು? ನಾನು ಅಲ್ಲೇ ನಿಂತಿದೀನಲ್ಲೇ ಫೋಟೋದಲ್ಲಿ!"

ಆ ಮೆಸೇಜನ್ನು ಎಷ್ಟು ಸಲ ಕೇಳಿದೀನೋ ಲೆಕ್ಕ ಇಲ್ಲ.

ಯುಗಾದಿಗೆ ಸ್ವಲ್ಪ ಮೊದಲು ಅಮ್ಮ ತಾನೇ ಒಂದು ಫೋಟೋ ಕಳಿಸಿದಳು. ಮನೆ ಹಿಂದಿನ ಮಾವಿನ ಮರ, ಮೈತುಂಬ ತಾಮ್ರಗೆಂಪು ಚಿಗುರು. ಸ್ವಲ್ಪ ಶೇಕ್ ಆಗಿತ್ತು. "ಮನೇಲೇ ಇತ್ತು ನೋಡು" ಅಂತ ಕೆಳಗೆ ಬರೆದಿದ್ದಳು. ಮಾವಿನ ಎಳೆ ಚಿಗುರಿನ ಕೆಂಪೂ ಅದೇ ಆಂಥೋಸಯನಿನ್. ಇಲ್ಲಿ ಎಲೆ ಹೋಗುವಾಗ ಕೆಂಪು, ಅಲ್ಲಿ ಬರುವಾಗ ಕೆಂಪು.

ಪ್ಲಾನ್ ಮಾಡೋರಿಗೆ

ಹೇಳ್ತೀನಿ ಅಂದಿದ್ದ ಮಾತು ಉಳಿಸಿಕೊಳ್ಳಬೇಕಲ್ಲ. ಅಕ್ಟೋಬರಿನ ಉದ್ದ ರಜೆಯ ವಾರಾಂತ್ಯ ಬಿಡಿ, ವಾರದ ನಡುವೆ ಎರಡು ದಿನ ರಜೆ ಹಾಕಿ. ರೂಮನ್ನು ಬೇಸಿಗೆಯಲ್ಲೇ, ಕ್ಯಾನ್ಸಲ್ ಮಾಡೋಕೆ ಬರುವ ಹಾಗೆ ಬುಕ್ ಮಾಡಿ, ಯಾಕೆಂದರೆ ಬಣ್ಣ ಒಂದು ವಾರ ಆಚೀಚೆ ಆಗಬಹುದು. ರಾಜ್ಯಗಳ ಪ್ರವಾಸೋದ್ಯಮ ವೆಬ್‌ಸೈಟುಗಳಲ್ಲಿ ವಾರ ವಾರ ಬಣ್ಣ ಎಷ್ಟು ಬಂದಿದೆ ಅಂತ ನಕ್ಷೆ ಹಾಕ್ತಾರೆ, ನೋಡ್ತಾ ಇರಿ. ಬೆಟ್ಟದಲ್ಲಿ ಉದುರಿದ್ದರೆ ಕಣಿವೆಗೆ ಇಳಿಯಿರಿ, ಇನ್ನೂ ಹಸಿರಿದ್ದರೆ ಉತ್ತರಕ್ಕೆ ಹೋಗಿ. ಕಾಡಿಗೆ ಹೊಕ್ಕುವ ಮೊದಲು ಪೆಟ್ರೋಲ್ ತುಂಬಿಸಿ, ಮ್ಯಾಪನ್ನು ಫೋನಿಗೆ ಇಳಿಸಿಕೊಳ್ಳಿ. ಬೆಳಿಗ್ಗೆ ಎಂಟರೊಳಗೆ ಅಲ್ಲಿರಿ.

ಇನ್ಸ್ಟಾಗ್ರಾಮಿನ ಒಂದು ಫೋಟೋ ಹಿಂದೆ ಓಡಬೇಡಿ. ವರ್ಮಾಂಟ್ ರಾಜ್ಯದ ಪಾಮ್‌ಫ್ರೆಟ್‌ನಲ್ಲಿ ಒಂದು ತೋಟದ ಮನೆಯ ಫೋಟೋ ಎಲ್ಲೆಡೆ ಹರಡಿ, ನೋಡೋಕೆ ಬಂದವರ ಕಾಟ ತಾಳಲಾರದೆ 2023ರಲ್ಲಿ ಎಲೆಯ ಸೀಸನ್ ಪೂರ್ತಿ ಆ ರಸ್ತೆಯನ್ನೇ ಹೊರಗಿನವರಿಗೆ ಮುಚ್ಚಬೇಕಾಯಿತು. ಅದು ಯಾರದ್ದೋ ಮನೆ. ನಮ್ಮ ಅಂಗಳಕ್ಕೆ ಹೀಗೆ ಬಂದರೆ ಸುಮ್ಮನಿರ್ತೀವಾ?

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗೋರಿಗೆ ಇನ್ನೊಂದು ಮಾತು. ಟಿಕೆಟ್ ಮಾಡಿಸೋಕೆ ಮೊದಲು ಕಣ್ಣು, ಹಲ್ಲು, ಮೊಣಕಾಲು ತೋರಿಸಿ, ಡಾಕ್ಟರ ಮಾತನ್ನು ನೀವೇ ಕೇಳಿಸಿಕೊಳ್ಳಿ. ಮೊದಲೇ ಇರುವ ಕಾಯಿಲೆಯ ಖರ್ಚನ್ನು ಪ್ರವಾಸದ ವಿಮೆ ಸಾಮಾನ್ಯವಾಗಿ ಕೊಡಲ್ಲ, ಇಲ್ಲಿ ಕೈಯಿಂದ ಕೊಟ್ಟು ಪೂರೈಸೋಕಾಗಲ್ಲ. "ಹೇಗಿದೀಯಮ್ಮ" ಅಂದರೆ "ಚೆನ್ನಾಗಿದೀನಿ" ಅಂತಲೇ ಉತ್ತರ ಬರೋದು. ಅದನ್ನು ನಂಬಬೇಡಿ. ಬೇಳೆ ಎಲ್ಲಿ ಕೂತು ಆರಿಸ್ತಾರೆ ನೋಡಿ.

ಮುಂದಿನ ವರ್ಷ ಅತ್ತೆ ಬರ್ತಾರೆ. ಶೀಟಿನಲ್ಲಿ ಹೊಸ ಪುಟ ತೆರೆದಿದೀನಿ. ಹೋಟೆಲು, ತಾರೀಕು, ರಸ್ತೆ ಎಲ್ಲ ಇನ್ನೂ ಖಾಲಿ. ಮೊದಲನೇ ಸಾಲು ಮಾತ್ರ ತುಂಬಿದೆ: 'ಅತ್ತೆಯ ಕಣ್ಣಿನ ಚೆಕಪ್, ಜನವರಿ. ಫೋನಲ್ಲಿ ಡಾಕ್ಟರ ಜೊತೆ ನಾನೇ ಮಾತಾಡೋದು.'